ದೂರದ ಬೆಟ್ಟ ನುಣ್ಣಗೆ; ಹತ್ತಿರದ ಬೆಟ್ಟ?

ನಮ್ಮ ಸಂಘದ ಕಾರ್ಯಕಾರಿ ಸಮಿತಿ ಕಳೆದ ಜನವರಿಯಲ್ಲಿ ಒಂದು ಠರಾವು ಮಾಡಿತು. "ಇನ್ನು ಮುಂದೆ ಸಂಘದ ವತಿಯಿಂದ ಬೆಟ್ಟ ಹತ್ತುವ ಕಾರ್ಯಕ್ರಮ ಇರತಕ್ಕದ್ದಲ್ಲ, ವಾರ್ಷಿಕ ವಿಹಾರವು ಬಸ್ಸಿನಲ್ಲಿ ಹೋಗಿಬರುವಂಥ ರಿಸಾರ್ಟಿಗೆ ಮಾತ್ರ ಸೀಮಿತವಾಗತಕ್ಕದ್ದು." ಹದಿಮೂರು ಜನರ ಸಮಿತಿಯಲ್ಲಿ ಹನ್ನೊಂದು ಮಂದಿ ಕೈಯೆತ್ತಿದರು. ಎತ್ತದೆ ಕೂತವರು ನಾವಿಬ್ಬರು. ಹಾಗೆಂದು ಇದು ಸೋತವರ ಗೋಳಾಟವೆಂದು ಓದುಗರು ತಿಳಿಯಬಾರದು. ಈ ಠರಾವಿಗೆ ಕಾರಣವಾದದ್ದು ಡಿಸೆಂಬರಿನಲ್ಲಿ ನಡೆದ ಭೀಮಾಶಂಕರದ ಚಾರಣ. ಅದನ್ನು ಏರ್ಪಡಿಸಿದವರೂ ನಾವಿಬ್ಬರೇ. ತಪ್ಪು ನಮ್ಮದು. ತಪ್ಪನ್ನು ಒಪ್ಪಿಕೊಂಡೇ ಠರಾವನ್ನು ವಿರೋಧಿಸುತ್ತಿದ್ದೇವೆ. ಎರಡೂ ಏಕಕಾಲಕ್ಕೆ ಹೇಗೆ ಸಾಧ್ಯವೆಂಬುದನ್ನು ತಿಳಿಸಲು ಈ ನಾಲ್ಕು ಪುಟ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಮಾತುಂಗಾದಿಂದ ಡೊಂಬಿವಲಿಯವರೆಗೆ, ಬೋರಿವಲಿಯಿಂದ ನವಿ ಮುಂಬಯಿಯವರೆಗೆ ಈ ಕತೆ ಈಗಾಗಲೇ ನಾಲ್ಕಾರು ರೂಪಗಳಲ್ಲಿ ಸುತ್ತಿ ಬಂದಿದೆ. ಒಂದು ರೂಪದಲ್ಲಂತೂ ಚಿರತೆಯೂ ಬಂದುಬಿಟ್ಟಿದೆ. ಚಿರತೆ ಬರಲಿಲ್ಲ. ಬಂದದ್ದು ಕತ್ತಲೆ.

ಭೀಮಾಶಂಕರಕ್ಕೆ ಪುಣೆಯ ಕಡೆಯಿಂದ ಬಸ್ಸು ಹೋಗುತ್ತದೆ. ನಮ್ಮ ಕಡೆಯಿಂದ ನೇರವಾಗಿ ಏರುವುದಾದರೆ ಕಾಲೇ ಗತಿ. ನೇರಳಿನಲ್ಲೋ ಕರ್ಜತಿನಲ್ಲೋ ಲೋಕಲ್ ಇಳಿದು, ಕಶೇಳೆಯ ಮೇಲೆ ಖಾಂಡಸ್ ಎಂಬ ಹಳ್ಳಿ ಸೇರಬೇಕು. ಅಲ್ಲಿಂದ ಎರಡು ದಾರಿಗಳು. ಒಂದು ಶಿಡಿ ಘಾಟ್. ಮರಾಠಿಯಲ್ಲಿ 'ಶಿಡಿ' ಎಂದರೆ ಏಣಿ. ಹೆಸರೇ ಹೇಳುವಂತೆ, ಬಂಡೆಗೆ ಆನಿಸಿದ ಕಬ್ಬಿಣದ ಏಣಿಗಳನ್ನು ಹತ್ತಬೇಕು. ಏಣಿ ಇಲ್ಲದ ಕಡೆ ಕೈಯನ್ನೂ ಊರಿ ಏರಬೇಕು. ದಾರಿ ಚಿಕ್ಕದು, ಆದರೆ ಕಡಿದು. ಇನ್ನೊಂದು ಗಣೇಶ ಘಾಟ್. ಪದರಗಡದ ಪಕ್ಕದಿಂದ ಬಳಸಿಕೊಂಡು ಹೋಗುವ, ನಡುವೆ ಗಣಪತಿಯ ಗುಡಿಯಿರುವ, ಉದ್ದವಾದರೂ ಸಾಧುವಾದ ದಾರಿ. ಬೆಟ್ಟದ ಅರ್ಧದಲ್ಲಿ ಒಂದು ಬಯಲು ಸಿಗುತ್ತದೆ. ಅಲ್ಲಿ ಎರಡೂ ದಾರಿಗಳು ಕೂಡುತ್ತವೆ. ಅಲ್ಲಿಂದ ಮೇಲಕ್ಕೆ ಕಾಡಿನ ನಡುವೆ ಒಂದೇ ಏರು. ಒಟ್ಟು ಸುಮಾರು ೮೦೦ ಮೀಟರ್ ಹತ್ತಬೇಕು, ಅಷ್ಟನ್ನೇ ಇಳಿಯಬೇಕು. ಏಣಿಯ ದಾರಿಯಿಂದ ಹತ್ತಿ ಗಣಪತಿಯ ದಾರಿಯಿಂದ ಇಳಿದರೆ ಒಂದು ಸುತ್ತು ಮುಗಿಯಿತು. ಇದನ್ನು ಒಂದೇ ದಿನದಲ್ಲಿ ಮುಗಿಸುವುದು ನಮ್ಮ ಯೋಜನೆ. 'ಯೋಜನೆ' ಎಂಬ ಮಾತನ್ನು ಇಲ್ಲಿ ನಾಚಿಕೊಂಡೇ ಬರೆಯುತ್ತಿದ್ದೇವೆ.

ಮೂವತ್ತೊಂದು ಜನ. ಅವರಲ್ಲಿ ಮಕ್ಕಳು ಒಂಬತ್ತು, ಅರವತ್ತು ದಾಟಿದವರು ನಾಲ್ವರು. ಬೆಳಿಗ್ಗೆ ಏಳಕ್ಕೆ ಕರ್ಜತ್ ನಿಲ್ದಾಣದಲ್ಲಿ ಕೂಡಬೇಕೆಂದು ಗೊತ್ತುಮಾಡಿದ್ದೆವು. ಪಶ್ಚಿಮ ರೈಲ್ವೆಯ ಕಡೆಯವರು ದಾದರಿನಲ್ಲಿ ಗಾಡಿ ತಪ್ಪಿಸಿಕೊಂಡರು. ಅವರು ಬರುವಷ್ಟರಲ್ಲಿ ಉಳಿದವರಿಗೆ ಹಸಿವೆಯಾಯಿತು. ವಡಾಪಾವ್, ಚಹಾ, ಗುಂಪಿನ ಫೋಟೋ, ಸಂಘದ ಬ್ಯಾನರಿನ ಮುಂದೆ ಇನ್ನೊಂದು ಫೋಟೋ. ಖಾಂಡಸಿನಿಂದ ಹೆಜ್ಜೆ ಹಾಕಿದಾಗ ಗಂಟೆ ಹತ್ತೂ ಕಾಲು.

ಏಣಿಯ ಬುಡಕ್ಕೆ ಬಂದೆವು. ಏಣಿಯ ಮೇಲೆ ಒಮ್ಮೆಗೆ ಒಬ್ಬರೇ. ಒಬ್ಬರಿಗೆ ಎರಡು ನಿಮಿಷವೆಂದರೂ ಮೂವತ್ತೊಂದು ಜನಕ್ಕೆ ಒಂದು ಗಂಟೆ ಎರಡು ನಿಮಿಷ. ನಾಲ್ಕನೆಯ ಇಯತ್ತೆಯ ಮಗು ಮಾಡುವ ಗುಣಾಕಾರ ಇದು. ನಾವು ಮಾಡಿರಲಿಲ್ಲ. ದೇವಸ್ಥಾನ ತಲುಪಿದಾಗ ಮೂರು ದಾಟಿತ್ತು. ದರ್ಶನಕ್ಕೆ ಸಾಲು. ಆಮೇಲೆ ಚಿತ್ರಾನ್ನ, ಮೊಸರನ್ನ. ಎಲ್ಲರೂ ಎದ್ದಾಗ ನಾಲ್ಕೂವರೆ.

ಆಗ ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಮೆಲ್ಲಗೆ ಹೇಳಿದರು: "ಹೊತ್ತು ಮೀರಿತು. ಇಲ್ಲಿಂದ ಎಸ್.ಟಿ. ಬಸ್ಸು ಹಿಡಿದು ಪುಣೆಗೆ ಹೋಗೋಣ. ರಾತ್ರಿ ಅಲ್ಲಿಂದ ಮುಂಬಯಿಗೆ ಏನಾದರೂ ಸಿಕ್ಕೇ ಸಿಗುತ್ತದೆ." ನಾವು ನಕ್ಕೆವು. ಕೆಳಗೆ ಖಾಂಡಸಿನಲ್ಲಿ ಟೆಂಪೋಗಳು ಕಾಯುತ್ತಿದ್ದವು. ಬಾಡಿಗೆ ಮುಂಗಡ ಕೊಟ್ಟಾಗಿತ್ತು. ಪುಣೆಯ ದಾರಿ ಎಂದರೆ ನೂರು ಕಿಲೋಮೀಟರಿಗೂ ಮಿಕ್ಕಿದ ಸುತ್ತು. "ಏನಾಗ್ತದೆ ಮಾರಾಯ್ರೇ, ಇನ್ನು ಇಳಿಯುವುದಲ್ವಾ, ಹತ್ತುವುದೇನಲ್ಲವಲ್ಲ" ಎಂದದ್ದು ನಮ್ಮಿಬ್ಬರಲ್ಲೇ ಒಬ್ಬರು.

ಡಿಸೆಂಬರಿನಲ್ಲಿ ಈ ಭಾಗದಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ದಟ್ಟ ಮರಗಳ ಅಡಿಯಲ್ಲಿ ಅದಕ್ಕೂ ಮೊದಲೇ ಮಸುಕು. ಮೂವತ್ತೊಂದು ಜನರಲ್ಲಿ ಟಾರ್ಚು ತಂದವರು ಮೂವರು. ಉಳಿದವರು ಮೊಬೈಲನ್ನೇ ನಂಬಿದ್ದರು; ಅವುಗಳಲ್ಲಿ ಹಲವು ಬೆಳಗಿನಿಂದ ಫೋಟೋ ತೆಗೆದು ತೆಗೆದು ಸತ್ತುಹೋಗಿದ್ದವು. ಕಾಲು ಚುರುಕಿದ್ದ ಯುವಕರು ಮುಂದೆ ಹೋದರು. ಮೊಣಕಾಲು ನೋವಿನವರು ಹಿಂದುಳಿದರು. ನಡುವೆ ಇದ್ದ ಹನ್ನೆರಡು ವರ್ಷದ ಒಬ್ಬ ಹುಡುಗ ಮುಂದಿನವರ ಬೆಳಕನ್ನು ಹಿಂಬಾಲಿಸುತ್ತಿದ್ದ. ಬೆಳಕು ತಿರುವಿನಲ್ಲಿ ಮರೆಯಾಯಿತು. ಎರಡು ದಾರಿಗಳು ಕವಲೊಡೆಯುವ ಆ ಬಯಲಿನಲ್ಲಿ ಯಾರಾದರೊಬ್ಬರು ನಿಂತಿರಬೇಕಾಗಿತ್ತು. ಯಾರೂ ನಿಂತಿರಲಿಲ್ಲ. ಹುಡುಗ ಏಣಿಯ ದಾರಿ ಹಿಡಿದ.

ಅವನಿಲ್ಲವೆಂದು ತಿಳಿದಾಗ ಏಳೂ ಕಾಲು. ಸಿಕ್ಕಿದ್ದು ಮುಕ್ಕಾಲು ಒಂಬತ್ತಕ್ಕೆ. ಹುಡುಕಿಕೊಟ್ಟವರು ನಾವಲ್ಲ, ಕೆಳಗಿನ ವಾಡಿಯ ಒಬ್ಬ ಠಾಕರ ಮುದುಕರು. ಕತ್ತಲಲ್ಲಿ ಅಳು ಕೇಳಿ ಹೋಗಿ ನೋಡಿದರಂತೆ. ಹುಡುಗ ದಾರಿ ಕಾಣದೆ ಒಂದು ಬಂಡೆಯ ಮೇಲೆ ಕುಳಿತುಬಿಟ್ಟಿದ್ದ. ಏಣಿ ಅಲ್ಲಿಂದ ದೂರವಿರಲಿಲ್ಲ. ಕುಳಿತನಲ್ಲ, ಅದೇ ಅವನನ್ನು ಉಳಿಸಿತು. ನಾವು ಹಣ ಕೊಡಹೋದೆವು, ಅವರು ಮುಟ್ಟಲಿಲ್ಲ. ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಒಟ್ಟು ಎಷ್ಟು ಜನ ಬಂದಿದ್ದೀರಿ?" ನಮ್ಮಿಬ್ಬರಲ್ಲಿ ಒಬ್ಬರು ಮೂವತ್ತು ಎಂದೆವು, ಇನ್ನೊಬ್ಬರು ಮೂವತ್ತೆರಡು ಎಂದೆವು.

ಆ ಇಬ್ಬಗೆಯ ಉತ್ತರವೇ ನಮ್ಮ ಅಪರಾಧ. ಅದಕ್ಕೆ ಸಮಿತಿ ನಮ್ಮನ್ನು ಎಷ್ಟು ಬೈದರೂ ಕಡಿಮೆ. ಆದರೆ ಸಮಿತಿ ನಮ್ಮನ್ನು ಬೈಯಲಿಲ್ಲ, ಬೆಟ್ಟವನ್ನು ಬೈದಿತು.

ಲೆಕ್ಕ ತಪ್ಪಿದ್ದು ಯಾರದು?

೧೮೯೨ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರರು ಒಂದು ಸರಳ ಸೂತ್ರ ಕೊಟ್ಟರು. ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ೬೦೦ ಮೀಟರ್ ಏರಿಗೆ ಒಂದು ಗಂಟೆ. ಖಾಂಡಸಿನ ಸುತ್ತು ಹದಿನೈದು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಡಿಗೆಗೆ ಮೂರು ಗಂಟೆ, ಏರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಒಟ್ಟು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಆದರೆ ಇದು ಗಟ್ಟಿಮುಟ್ಟಾದ, ಎಲ್ಲೂ ಕೂರದ ಮನುಷ್ಯನ ಲೆಕ್ಕ. ವಾರದ ಆರು ದಿನ ಲೋಕಲಿನಲ್ಲಿ ನಿಂತು, ಏಳನೆಯ ದಿನ ಮಲಗುವ ನಮ್ಮಂಥವರು ಇದನ್ನು ಕಣ್ಣು ಮುಚ್ಚಿ ಇಮ್ಮಡಿ ಮಾಡಬೇಕು: ಎಂಟು ಗಂಟೆ ನಲವತ್ತು ನಿಮಿಷ. ಏಣಿಯ ಬಳಿ ಒಂದು ಗಂಟೆ, ದರ್ಶನಕ್ಕೂ ಊಟಕ್ಕೂ ಒಂದು ಗಂಟೆ ಸೇರಿಸಿ. ಹತ್ತು ಗಂಟೆ ನಲವತ್ತು ನಿಮಿಷ.

ಡಿಸೆಂಬರಿನ ಹಗಲು ಎಷ್ಟು? ಸುಮಾರು ಹನ್ನೊಂದು ಗಂಟೆ.

ನಾವು ಹೊರಟ ಹತ್ತೂ ಕಾಲಕ್ಕೆ ಇದನ್ನು ಕೂಡಿಸಿದರೆ ರಾತ್ರಿ ಒಂಬತ್ತಕ್ಕೆ ಐದು ನಿಮಿಷ ಕಡಿಮೆ. ಹುಡುಗನನ್ನು ಹುಡುಕಿದ ಒಂದೂವರೆ ಗಂಟೆ ಸೇರಿದರೆ ಹತ್ತೂವರೆಯ ಹತ್ತಿರ. ನಾವು ಖಾಂಡಸ್ ತಲುಪಿದ್ದೂ ಹತ್ತೂವರೆಗೇ. ಅಂದಮೇಲೆ ಅಂದು ನಡೆದದ್ದು ಆಕಸ್ಮಿಕವಲ್ಲ, ದೈವದ ಆಟವೂ ಅಲ್ಲ. ಹೊರಡುವ ಮುನ್ನಾದಿನ ಒಂದು ಚೂರು ಕಾಗದದ ಮೇಲೆ ಕಾಣಬಹುದಾಗಿದ್ದ ಮೊತ್ತ. ಗುಣಿಸಲು ಸೋಮಾರಿತನಪಟ್ಟವರು ನಾವು; ದಂಡ ತೆತ್ತದ್ದು ಮಗು.

ಮುಚ್ಚಿದರೆ ಮುಗಿಯಿತೇ?

ಈಗ ಠರಾವಿಗೆ ಬರೋಣ. ಸಂಘ ಬೆಟ್ಟದ ಬಾಗಿಲು ಮುಚ್ಚಿದ ಮಾತ್ರಕ್ಕೆ ನಮ್ಮ ಮಕ್ಕಳು ಬೆಟ್ಟಕ್ಕೆ ಹೋಗುವುದನ್ನು ಬಿಡುತ್ತಾರೆಯೇ? ಬಿಡುವುದಿಲ್ಲ. ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿ, ಹಣ ಕಳಿಸಿ, ಹೆಸರೂ ಮುಖವೂ ಗೊತ್ತಿಲ್ಲದ ಐವತ್ತು ಜನರ ಜೊತೆ ರಾತ್ರಿಯ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಹೇಳುವುದು "ಫ್ರೆಂಡ್ ಮನೆಗೆ" ಎಂದು. ಸಂಘದ ಚಾರಣದಲ್ಲಿ ಅವರು ಕಲಿಯಬಹುದಾಗಿದ್ದ ಶಿಸ್ತನ್ನು ಅಲ್ಲಿ ಯಾರು ಕಲಿಸಬೇಕು?

ಇನ್ನು ಬಸ್ಸಿನಲ್ಲಿ ಹೋದರೆ ಅಪಾಯವಿಲ್ಲವೆಂಬ ಭ್ರಮೆ. ೨೦೨೪ರ ಜೂನ್ ೩೦, ಭಾನುವಾರ, ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರು ಯಾವ ಶಿಖರವನ್ನೂ ಏರಹೊರಟವರಲ್ಲ. ನಾವು ನೀವು ಹೋಗುವ ಹಾಗೆ ಮಳೆಗಾಲದ ವಿಹಾರಕ್ಕೆ ಹೋದವರು. ನಿಂತ ನೀರು ನೋಡುನೋಡುತ್ತಲೇ ಏರಿತು. ಕಷ್ಟದ ಜಾಗದಲ್ಲಿ ಮನುಷ್ಯ ಒಂದಿಷ್ಟು ಎಚ್ಚರವಾಗಿರುತ್ತಾನೆ. ಸುಲಭದ ಜಾಗದಲ್ಲಿ ಎಚ್ಚರ ತಪ್ಪುತ್ತಾನೆ. ಸಮಿತಿ ಮಕ್ಕಳನ್ನು ಕಾಯಬೇಕೆಂದಿದ್ದರೆ ಎಚ್ಚರವನ್ನು ಕಲಿಸಬೇಕೇ ಹೊರತು ಜಾಗವನ್ನು ಬದಲಿಸಿದರೆ ಸಾಲದು.

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ದೊಡ್ಡದಾದ ಮಾತು. ನಾವು ಊರು ಬಿಟ್ಟು ಬಂದವರು. ಮನೆಯಲ್ಲಿ ಕೂತು ಮಕ್ಕಳಿಗೆ ಚಾರ್ಮಾಡಿಯ ಮಂಜು, ಆಗುಂಬೆಯ ಮಳೆ, ಕುದುರೆಮುಖದ ಹಸಿರು ಎಂದು ಬಣ್ಣಿಸುತ್ತೇವೆ. ಬೇಸಿಗೆಯ ರಜೆಯಲ್ಲಿ ಹದಿನೈದು ದಿನ ಊರಿಗೆ ಕರೆದೊಯ್ದರೆ, ಆ ದಿನಗಳು ಮದುವೆ ಮುಂಜಿಗಳಲ್ಲೇ ಮುಗಿಯುತ್ತವೆ. ಆದರೆ ಆ ಮಂಜು ಆ ಮಳೆ ಹುಟ್ಟುವ ಸಾಲೇ ನಮ್ಮ ಲೋಕಲಿನ ಕೊನೆಯ ನಿಲ್ದಾಣದ ಆಚೆ ನಿಂತಿದೆಯಲ್ಲ! ಪಶ್ಚಿಮ ಘಟ್ಟ ಸುಮಾರು ೧,೬೦೦ ಕಿಲೋಮೀಟರ್ ಉದ್ದದ ಒಂದೇ ಸಾಲು. ಭೀಮಾಶಂಕರವೂ ಅದರದೇ ಒಂದು ತುಂಡು. ೧೯೮೫ರಲ್ಲಿ ಅಭಯಾರಣ್ಯವಾದ ಆ ಕಾಡಿನಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುವ ಶೇಕರು ನಮ್ಮ ಮಲೆನಾಡಿನ ಕೆಂದಳಿಲೇ. ಮಹಾರಾಷ್ಟ್ರ ಅದನ್ನು ತನ್ನ ರಾಜ್ಯಪ್ರಾಣಿ ಮಾಡಿಕೊಂಡಿದೆ. ಅಲ್ಲಿ ಹುಟ್ಟುವ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಗಾಣಗಾಪುರವನ್ನು ಹಾದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. ಕಲಬುರ್ಗಿಯ ಕಡೆಯ ಎಷ್ಟು ಮನೆತನಗಳು ಈ ಮುಂಬಯಿಯಲ್ಲಿವೆ! ತಮ್ಮ ಊರಿನ ನೀರು ಎಲ್ಲಿ ಹುಟ್ಟುತ್ತದೆ ಎಂದು ಅವರ ಮಕ್ಕಳು ಕಾಲ ಮೇಲೆ ನಡೆದು ನೋಡಬಹುದಾದ ಜಾಗ ಇದು. ಇದನ್ನು ಬಿಟ್ಟು ರಿಸಾರ್ಟಿನ ಈಜುಕೊಳದಲ್ಲಿ ಹಿಂದಿ ಹಾಡಿಗೆ ಕುಣಿಸಿ ಕರೆತರಲು ಕನ್ನಡ ಸಂಘ ಏಕೆ ಬೇಕು? ಆ ಕೆಲಸವನ್ನು ಯಾವ ಹೌಸಿಂಗ್ ಸೊಸೈಟಿಯಾದರೂ ಮಾಡುತ್ತದೆ.

ಹಾಗಾದರೆ ಮಾಡಬೇಕಾದದ್ದು

ಬರೀ ವಾದ ಸಾಲದು. ಪೆಟ್ಟು ತಿಂದು ಕಲಿತದ್ದನ್ನು ಸಮಿತಿಯ ಮುಂದಿಡುತ್ತಿದ್ದೇವೆ.

ಒಂದನೆಯದು, ಲೆಕ್ಕವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಹಾಕಬೇಕು, ಹೊರಡುವ ಹೊತ್ತಿನಿಂದ ಮುಂದಕ್ಕಲ್ಲ. ಮೇಲಿನ ಲೆಕ್ಕದಂತೆ ಖಾಂಡಸಿನಿಂದ ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಬೋರಿವಲಿಯಿಂದಲೋ ಮೀರಾ ರೋಡಿನಿಂದಲೋ ಅದೇ ದಿನ ಹೊರಟು ಏಳಕ್ಕೆ ಖಾಂಡಸ್ ಸೇರುವುದು ಆಗದ ಮಾತು. ಆದ್ದರಿಂದ ಒಂದು ದಿನದ ಸುತ್ತು ಎಂದರೂ ಶನಿವಾರ ರಾತ್ರಿಯೇ ಹಳ್ಳಿ ಸೇರಿ, ಅಲ್ಲಿಯವರ ಮನೆಯಲ್ಲಿ ಭಾಕರಿ ಉಂಡು ಮಲಗಬೇಕು. ಅದಕ್ಕೆ ತಕ್ಕ ಹಣ ಕೊಡಬೇಕು.

ಎರಡನೆಯದು, ಹಿಂದಿರುಗುವ ಗಂಟೆಯನ್ನು ಮೊದಲೇ ಎಲ್ಲರಿಗೂ ಸಾರಬೇಕು. ಹನ್ನೊಂದಕ್ಕೆ ನಡುವಿನ ಬಯಲು ಸೇರದಿದ್ದರೆ ಅಲ್ಲಿಂದಲೇ ಗಣೇಶ ಘಾಟಿನಲ್ಲಿ ಇಳಿಯುವುದು. ಒಂದೂವರೆಯೊಳಗೆ ದೇವಸ್ಥಾನದಿಂದ ಇಳಿಯಲು ಹೊರಡಲಾಗದಿದ್ದರೆ ಪುಣೆಯ ಬಸ್ಸು ಹತ್ತುವುದು. ಟೆಂಪೋದ ಮುಂಗಡ ಹೋದರೆ ಹೋಗಲಿ. ಈ ಗಡಿಯಾರ ಮುಂದಾಳಿನ ಕೈಯಲ್ಲಿರಬಾರದು. ಮುಂದಾಳಿಗೆ ಶಿಖರದ ಆಸೆ ಇರುತ್ತದೆ. ಅಧ್ಯಕ್ಷರಿಗಾಗಲಿ ಕಾರ್ಯದರ್ಶಿಗಳಿಗಾಗಲಿ ಹೆದರದ ಒಬ್ಬ ಸದಸ್ಯೆಯ ಕೈಗೆ ಕೊಡಬೇಕು. ಅಂಥವರು ನಮ್ಮ ಮಹಿಳಾ ವಿಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮೂರನೆಯದು, ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ. ಮೊದಲ ಸಲ ಬರುವವರು ಗಣೇಶ ಘಾಟಿನಲ್ಲೇ ಹತ್ತಿ ಗಣೇಶ ಘಾಟಿನಲ್ಲೇ ಇಳಿಯಲಿ, ಅಥವಾ ನಡುವಿನ ಬಯಲಿನಿಂದಲೇ ಹಿಂದಿರುಗಲಿ. ಅದನ್ನು ಚೆನ್ನಾಗಿ ಮಾಡಿದವರು ಮಾತ್ರ ಮುಂದಿನ ಸಲ ಸುತ್ತಿಗೆ ಬರಲಿ. ಸುತ್ತನ್ನು ಯಾವಾಗಲೂ ಏಣಿಯ ಕಡೆಯಿಂದಲೇ ಹತ್ತಬೇಕು. ದಣಿದ ಕಾಲಿನಲ್ಲಿ ಏಣಿ ಇಳಿಯುವಂತಾಗಬಾರದು. ಚಿಕ್ಕ ಮಕ್ಕಳು ಏಣಿಯ ದಾರಿಗೆ ಬೇಡವೇ ಬೇಡ.

ನಾಲ್ಕನೆಯದು, ಎಣಿಕೆ. ಹೆಸರಿನ ಪಟ್ಟಿ ಇಬ್ಬರ ಜೇಬಿನಲ್ಲಿ, ಒಂದು ಪ್ರತಿ ಸಂಘದ ಕಚೇರಿಯಲ್ಲಿ. ಪ್ರತಿ ಕವಲಿನಲ್ಲೂ ಎಲ್ಲರೂ ಕೂಡಿ ಎಣಿಸಿದ ಮೇಲೆಯೇ ಮುಂದಿನ ಹೆಜ್ಜೆ. ಎಲ್ಲರಿಗಿಂತ ಹಿಂದೆ ದಾರಿ ಬಲ್ಲ ಒಬ್ಬರು; ಅವರನ್ನು ದಾಟಿ ಯಾರೂ ಹಿಂದುಳಿಯುವಂತಿಲ್ಲ. ಮಕ್ಕಳ ಕೊರಳಲ್ಲಿ ಒಂದು ಸೀಟಿ. ದಾರಿ ತಪ್ಪಿದರೆ ನಡೆಯಬೇಡ, ಕುಳಿತುಕೋ, ಸೀಟಿ ಊದು ಎಂದು ಹೇಳಿಕೊಟ್ಟಿರಬೇಕು. ನಮ್ಮ ಹುಡುಗ ಅದನ್ನು ಯಾರೂ ಹೇಳಿಕೊಡದೆ ಮಾಡಿದ.

ಐದನೆಯದು, ಚೀಲ. ತಲೆಗೊಂದು ಟಾರ್ಚು, ಮೂರು ಲೀಟರ್ ನೀರು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಬಳಲಿದವರಿಗೆ ಅದೇ ಔಷಧ. ಚಪ್ಪಲಿ ಕೂಡದು. ಧ್ವನಿವರ್ಧಕವಂತೂ ಕೂಡಲೇಕೂಡದು, ಅದು ಅಭಯಾರಣ್ಯ.

ಆರನೆಯದು, ಮಳೆಗಾಲದಲ್ಲಿ ಈ ದಾರಿಯ ಹೆಸರೆತ್ತಬಾರದು. ಅಕ್ಟೋಬರ್ ಕಳೆದ ಮೇಲೆ ಫೆಬ್ರವರಿಯವರೆಗೆ ಸಾಕು. ಆಗಲೂ ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು. ೨೦೧೪ರ ಜುಲೈ ೩೦ರಂದು ಇದೇ ಘಟ್ಟದ ಆಚೆ ಬದಿಯ ಮಾಳಿಣ ಗ್ರಾಮದ ಮೇಲೆ ಗುಡ್ಡ ಜರಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ೨೦೨೩ರ ಜುಲೈ ೧೯ರ ರಾತ್ರಿ ಇರ್ಶಾಳವಾಡಿ ಮಣ್ಣಿನಡಿ ಸೇರಿತು. ಇರ್ಶಾಳಗಡ ಹತ್ತಲು ಹೋದ ಎಷ್ಟೋ ಮುಂಬಯಿಯವರು ಚಹಾ ಕುಡಿದ ವಾಡಿ ಅದು. ನಮಗೆ ಭಾನುವಾರದ ವಿಹಾರವಾಗಿರುವ ಇಳಿಜಾರಿನ ಕೆಳಗೆ ವರ್ಷವಿಡೀ ಬದುಕುವವರಿದ್ದಾರೆ. ದಾರಿ ತೋರಿಸಲು ಅವರಲ್ಲೊಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯುವುದು ಬುದ್ಧಿವಂತಿಕೆಯೂ ಹೌದು, ಮರ್ಯಾದೆಯೂ ಹೌದು. ನಾವು ಆ ಕೂಲಿಯನ್ನು ಉಳಿಸಿದ್ದೆವು.

"ಒಂದು ಗುಡ್ಡ ಹತ್ತಲು ಇಷ್ಟೊಂದು ರಗಳೆಯೇ?" ಎಂದು ಕೇಳುವವರಿದ್ದಾರೆ. ರಾಜ್ಯೋತ್ಸವದ ನಾಟಕಕ್ಕೆ ಎರಡು ತಿಂಗಳು ತಾಲೀಮು ಮಾಡುತ್ತೇವಲ್ಲ, ಸ್ವಾಮಿ? ಮಾತು ಮರೆತರೆ ಹೇಳಿಕೊಡಲು ಪರದೆಯ ಹಿಂದೆ ಒಬ್ಬರನ್ನು ನಿಲ್ಲಿಸುತ್ತೇವೆ. ಅಲ್ಲಿ ತಪ್ಪಿದರೆ ಹೋಗುವುದು ಒಂದು ಚಪ್ಪಾಳೆ. ಬೆಟ್ಟಕ್ಕೆ ತಾಲೀಮೂ ಇಲ್ಲ, ಕವಲಿನಲ್ಲಿ ನಿಲ್ಲುವವರೂ ಇಲ್ಲ. ಹೀಗೆ ಹೋಗಿ, ಪೆಟ್ಟು ಬಿದ್ದ ಮೇಲೆ ಬೆಟ್ಟವೇ ಬೇಡವೆನ್ನುವುದು ಯಾವ ನ್ಯಾಯ? 'ಏನಾಗ್ತದೆ' ಎನ್ನುವವರೂ 'ಬೇಡವೇ ಬೇಡ' ಎನ್ನುವವರೂ ಹೊರಗೆ ಬೇರೆ ಬೇರೆ ಕಂಡರೂ ಒಂದೇ ಜಾತಿ. ಕೂತು ಲೆಕ್ಕ ಹಾಕುವ ಕೆಲಸ ಇಬ್ಬರಿಗೂ ಬೇಡ.

ಜನವರಿಯ ಸಭೆಯಲ್ಲಿ ಠರಾವಿನ ಪರವಾಗಿ ಆ ಹುಡುಗನ ತಾಯಿಯ ಹೆಸರನ್ನು ಹಲವರು ಎತ್ತಿದರು. "ಆ ತಾಯಿಯ ಮುಖ ನೋಡಿ" ಎಂದರು. ಆ ತಾಯಿ ಸಮಿತಿಯಲ್ಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಸಭೆ ಮುಗಿದ ವಾರ ನಾವಿಬ್ಬರೂ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಧಾರವಾಡದ ಕಡೆಯವರು. ಚಹಾ ಕೊಟ್ಟರು. ಠರಾವಿನ ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗುಡ್ಡ ಬ್ಯಾಡ ಅಂತ ನಾ ಎಲ್ಲಿ ಅಂದೇನ್ರಿ? ಎಣಿಸಿಕೊಂಡು ಹೋಗ್ರಿ, ಎಣಿಸಿಕೊಂಡು ಬರ್ರಿ, ಅಷ್ಟ ಅಂದೆ."

ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಠರಾವನ್ನು ಮತ್ತೆ ಚರ್ಚೆಗೆ ತೆಗೆದುಕೊಳ್ಳಬೇಕೆಂದು ನಾವು ಲಿಖಿತವಾಗಿ ಕೇಳಿದ್ದೇವೆ. ಮೇಲಿನ ಆರು ಮಾತುಗಳು ಸಂಘದ ನಿಯಮವಾಗಲಿ. ಆಗದಿದ್ದರೆ ಬೆಟ್ಟವೂ ಬೇಡ, ಒಪ್ಪುತ್ತೇವೆ. ನಿಯಮವಾದರೆ ಚಾರಣಕ್ಕೆ ಹದಿನೈದು ದಿನ ಮೊದಲು ದಾರಿ ನೋಡಿಬರಲು ನಾವಿಬ್ಬರೂ ಸ್ವಂತ ಖರ್ಚಿನಲ್ಲಿ ಹೋಗಿಬರುತ್ತೇವೆ. ಮುಂದಾಳುತನ ನಮಗೆ ಬೇಡ. ಆ ಹಕ್ಕನ್ನು ನಾವು ಕಳೆದುಕೊಂಡಿದ್ದೇವೆ. ಸಾಲಿನ ಕೊನೆಯಲ್ಲಿ ನಡೆಯುವ ಕೆಲಸ ಕೊಟ್ಟರೆ ಸಾಕು. ಸದಸ್ಯರು ಯೋಚಿಸಲಿ, ಮಹಾಸಭೆಗೆ ತಪ್ಪದೆ ಬರಲಿ.